ಎಡಗಡೆಯ ಹಿಂದಿನ ಬಾಗಿಲು

ಮೇ ತಿಂಗಳ ಎರಡನೇ ರವಿವಾರ, ಕಾರವಾರದ ಕಡಲ ದಂಡೆ.
ಗಾಳಿಮರಗಳ ಹರಕು ನೆರಳಲ್ಲಿ ಸಾಲಾಗಿ ನಿಂತಿದ್ದಾರೆ
ಅಮೆರಿಕದಲ್ಲಿ ಹುಟ್ಟಿದ ಮುದುಕರು:
ಷೆವರ್ಲೆ, ಬ್ಯೂಕ್, ಸುರಮಾಯಿ ಬಾಲದ ಪ್ಲಿಮತ್,
ಯುದ್ಧಕ್ಕೆಂದು ಬಂದು ಮನೆಗೆ ಮರಳದ ಎರಡು ಹಾರ್ಲೆ,
ಒಂದು ಇಂಡಿಯನ್, ಹೆಸರಿಗಷ್ಟೇ ಇಂಡಿಯನ್.

ಉಪ್ಪುಗಾಳಿಗೆ ಮಾಲೀಕರು ಹೆದರಿದ್ದಾರೆ.
ಅರ್ಧ ತಾಸಿಗೊಮ್ಮೆ ಸಿಹಿನೀರಲ್ಲಿ ಒರೆಸಲು
ಕೋಡಿಬಾಗದ ನಾಲ್ಕು ಹುಡುಗರಿಗೆ ದಿನಗೂಲಿ.
ಒಬ್ಬ ನನ್ನ ಮಗಳ ಮಗ.
ಹೆಸರು ಕೇಳಿ ಎಲ್ಲ ನಕ್ಕರಂತೆ: ಮಾರುತಿ.
ಅವನಿಗೆ ಗಂಜಿ, ಒಣಶೆಟ್ಲಿ ಚಟ್ನಿ ತಂದವ ನಾನು,
ತಂದವ ಅಲ್ಲೇ ನಿಂತೆ.

ಸಾಲಿನ ಕೊನೆಯಲ್ಲಿ, ಐಸ್‌ಕ್ಯಾಂಡಿ ಗಾಡಿಯ ಹತ್ತಿರ, ಅದು.
ಮೈಯೆಲ್ಲ ಈಗ ಕೆನೆಬಣ್ಣ.
ಆದರೆ ಮುಖದ ಜಾಲರಿಯಲ್ಲಿ ಒಂದು ಹಲ್ಲು ಗಿಡ್ಡ.
ಬಿಣಗಾ ಘಾಟಿಯಲ್ಲಿ ಎಮ್ಮೆಗೆ ಗುದ್ದಿ ಮುರಿದದ್ದನ್ನು
ಇನಾಸ್ ಮೇಸ್ತ್ರಿ, ದೋಣಿಯ ಹಿತ್ತಾಳೆ ಪಟ್ಟಿ ಬಡಿದು
ಕೂಡಿಸಿಕೊಟ್ಟಿದ್ದ. ಮೇಲೆ ಯಾರೋ ಬೆಳ್ಳಿಬಣ್ಣ ಬಳಿದಿದ್ದಾರೆ.

ಎದುರಿಗೆ ಫಲಕ:
ಡಾಜ್ ಕಿಂಗ್ಸ್‌ವೇ. ಐವತ್ನಾಲ್ಕನೇ ಇಸವಿ.
ಪ್ರತಿ ಬಿಡಿಭಾಗವೂ ಮೂಲದ್ದೇ.
ಎಂದೂ ಬಾಡಿಗೆಗೆ ಓಡಿದ್ದಲ್ಲ.

ಹನ್ನೊಂದು ವರ್ಷ ನಾನು ಅದರ ಕ್ಲೀನರ್.
ಕಾಳಿಗೆ ಸೇತುವೆ ಇರದ ಕಾಲ. ಎರಡು ದೋಣಿ ಕಟ್ಟಿದ ಜಂಗಲಿನಲ್ಲಿ
ಅದು ನದಿ ದಾಟುತ್ತಿತ್ತು, ತಲೆಸುತ್ತು ಬಂದ
ಬಸುರಿಯ ಹಾಗೆ ತೂಗುತ್ತ.
ಕಾರವಾರದಿಂದ ಅಂಕೋಲೆಗೆ ಎರಡು ರೂಪಾಯಿ,
ಒಳಗೆ ಹನ್ನೊಂದು ಜನ, ಡಿಕ್ಕಿಯಲ್ಲಿ ಬಂಗಡೆ ಬುಟ್ಟಿ,
ಕಿಟಕಿಗೆ ಜೋತುಬಿದ್ದ ನಾನು.
ಹೆಣವನ್ನೂ ಒಯ್ದಿದ್ದೇವೆ, ಕೂರಿಸಿಕೊಂಡು,
ಎರಡೂ ಮಗ್ಗುಲಿಗೆ ನೆಂಟರು, ಹುಬ್ಬಿನ ತನಕ ಟೊಪ್ಪಿ.
ನಾಕೆಯ ಪೋಲೀಸ ಇಣುಕಿ, ನಿದ್ದೆಯಾ ಅಂದರೆ
ಹೌದು ಒಡೆಯಾ, ಗಾಢ ನಿದ್ದೆ, ಅಂದವ
ಡ್ರೈವರ್ ಪುರ್ಸೋ ಪೆಡ್ನೇಕರ.
ಸೇತುವೆಯಾದ ವರ್ಷ ಗಾಡಿಯನ್ನು ಅವನು
ಹುಬ್ಬಳ್ಳಿಯ ಗುಜರಿಯವನಿಗೆ ಮಾರಿದ.
ತೂಕದ ಲೆಕ್ಕ.

ಮಧ್ಯಾಹ್ನ ಮಾಲೀಕರ ಹೆಂಡತಿ ಇಳಿಯಹೋದರೆ
ಹಿಂದಿನ ಬಾಗಿಲು ತೆರೆಯದು.
ಆಚೆಯ ಬಾಗಿಲಿಗೆ ಒತ್ತಿ ನಿಂತಿದೆ ಬ್ಯೂಕು,
ಅದರ ಕೀಲಿಯವ ಊಟಕ್ಕೆ ಹೋಗಿದ್ದಾನೆ.
ಮುಂದಿನ ಸೀಟು ದಾಟಲು ಅವರ ಮಂಡಿ ಒಪ್ಪದು.
ಹಾರ್ಲೆಯ ಹುಡುಗರು ಎಳೆದರು, ಯಾರೋ ಪಾನಾ ತಂದರು,
ಮೆಲ್ಲಗೆ, ಬಣ್ಣ, ಬಣ್ಣ! ಎಂದು ಕೂಗಿದ ಗಂಡ.
ಒಳಗೆ ಕೂತವಳು ಅವನನ್ನೇ ನೋಡಿದಳು.

ನಾನು ಹೋದೆ. ಹಿಡಿಯನ್ನು ತುಸು ಮೇಲೆತ್ತಿ
ಮೊಣಕಾಲಿನಿಂದ ಕೆಳಗೊಂದು ಏಟು,
ಮಲಗಿದ ಮಗುವನ್ನು ಎಬ್ಬಿಸುವಷ್ಟು.
ಟಪ್.
ಬೆವರಿನಲ್ಲಿ ತೊಯ್ದು ಇಳಿದರು ಆಕೆ.
ಒಳಗೆ ಎಂಥದೋ ವಾಸನೆ ಅಜ್ಜಾ, ಅಂದರು.
ಅಮೆರಿಕದ ಚರ್ಮ ಅದು, ಅಂದ ಗಂಡ.
ನಾನು ಮೂಗೆಳೆದೆ. ಸೀಟು ಹೊಸದು, ಚಾಪೆ ಹೊಸದು,
ಬಂಗಡೆ ಮಾತ್ರ ಹಳೆಯದೇ.

ನಿಮಗೆ ಹೇಗೆ ಗೊತ್ತಾಯ್ತು ಈ ಬಾಗಿಲು?
ಫಲಕದ ಕಡೆ ಒಮ್ಮೆ ನೋಡಿದೆ.
ಹಳೇ ಬಾಗಿಲು ಎಲ್ಲಾ ಹಾಗೇ, ಸಾಯ್ಬರೆ.
ಇನ್ನೂರರ ನೋಟು ಚಾಚಿದ. ತಗೊಂಡೆ.
ಪುರ್ಸೋ ಕೊನೆಯ ತಿಂಗಳ ಸಂಬಳ ಕೊಟ್ಟಿರಲಿಲ್ಲ.

ಸಂಜೆ ಡಾಜಿಗೆ ಬಹುಮಾನ ಬಂತು,
ಮೂಲರೂಪ ಕಾಪಾಡಿದ್ದಕ್ಕೆ. ಚಪ್ಪಾಳೆ. ನಾನೂ ತಟ್ಟಿದೆ.
ಎಂಜಿನ್ನುಗಳು ಒಂದೊಂದಾಗಿ ಕೆಮ್ಮಿ ಎದ್ದವು,
ಗಾಳಿಮರದ ಕಾಗೆಗಳು ಸಮುದ್ರದ ಕಡೆ ಹಾರಿದವು.
ಮಾರುತಿ ಕೊನೆಯ ಸಲ ಒರೆಸುತ್ತಿದ್ದ.
ಬೆಳಗಿಂದ ಒರೆಸಿ ಒರೆಸಿ, ಆ ಗಿಡ್ಡ ಹಲ್ಲಿನ ಮೇಲೆ
ಬೆಳ್ಳಿಬಣ್ಣ ಸುಲಿದು
ಉಗುರಿನಷ್ಟು ಹಳದಿ ಕಂಡಿತ್ತು.
ಅಜ್ಜಾ, ಇಲ್ಲೊಂದು ಕಲೆ, ಹೋಗ್ತಾನೇ ಇಲ್ಲ.

ಬಿಡು, ಅಂದೆ. ಅದೊಂದನ್ನು ಬಿಡು.