ನಲವತ್ತಮೂರನೇ ಪುಟ

ದಕ್ಕೆಯ ಲೋಲಾಕ್ಷಕ್ಕ ಪುಕ್ಕಟೆ ಕೊಟ್ಟ ಸಿಗಡಿ ಸಿಪ್ಪೆ
ಚೀಲದಲ್ಲಿ ತುಂಬಿ ಬಸ್ಸು ಹತ್ತಿದರೆ
ನನ್ನ ಪಕ್ಕದ ಸೀಟು ಯಾವತ್ತೂ ಖಾಲಿ.

ಮೂರು ವರ್ಷ ಕುದಿಸಿ, ಸೋಸಿ,
ಗಾಯ ಮುಚ್ಚುವ ಪೊರೆ ಕಡೆಗೂ ಕೂತ ರಾತ್ರಿ
ನಲವತ್ತಮೂರನೇ ಪುಟದಲ್ಲಿ ಬರೆದೆ:
ರಕ್ತ ನಿಂತಿತು. ಎರಡು ಹತ್ತು.

ಪರವಾನಗಿ ಬೈಕಂಪಾಡಿಯ ಕಂಪನಿಗೆ,
ಕುಲಸಚಿವರ ಭಾವನದು, ಟೆಂಡರೂ ಇಲ್ಲದೆ.
ಪೇಟೆಂಟಿನಲ್ಲಿ ನಾಲ್ಕು ಹೆಸರು.
ನಾಲ್ವರೂ ನನ್ನ ಲ್ಯಾಬಿನ ಬಾಗಿಲಲ್ಲೇ
ಮೂಗಿಗೆ ಕರವಸ್ತ್ರ ಹಿಡಿದು ತಿರುಗಿದವರು.

ವಿಚಾರಣೆಯಲ್ಲಿ ಚಹಾ ಕೊಟ್ಟರು. 'ಮೂಲ ದಾಖಲೆ ತೋರಿಸಿ.'
ನೋಟ್‌ಬುಕ್ ಬಿಚ್ಚಿದೆ;
ಬ್ಲೇಡು ನೀಟಾಗಿ ಹೋಗಿತ್ತು, ಹೊಲಿಗೆಯ ಅಂಚಿಗೇ.

ನಲವತ್ತೈದನ್ನು ಕಿಟಕಿಯ ಬಿಸಿಲಿಗೆ ಓರೆ ಹಿಡಿದೆ.
ಶಾಯಿಯಿಲ್ಲದ ಗೀರು: ರಕ್ತ ನಿಂತಿತು.
ಮೂರನೇ ಕ್ಲಾಸಿನಲ್ಲಿ ಸಿಸ್ಟರ್ ಬೆನಿಟಾ ಗದರುತ್ತಿದ್ದರು:
'ಅಷ್ಟು ಒತ್ತಿ ಬರೀಬೇಡ ಮಾರಾಯ್ತಿ,
ಆಚೆ ಹಾಳೆಗೂ ಮೂಡ್ತದೆ.'