ಟೇಪು

ನಾನು ದರ್ಜಿ. ಬದಿಯಡ್ಕ ಪೇಟೆಯಲ್ಲಿ
ಔಷಧಿ ಅಂಗಡಿಯ ಪಕ್ಕದ ಕೋಣೆ, ಒಂದೇ ಮೆಟ್ಟಿಲು.
ಅದನ್ನೂ ಮೊದಲ ವರ್ಷವೇ ಮೇಸ್ತ್ರಿ ಐತ್ತಪ್ಪಣ್ಣನಿಂದ
ಇಳಿಜಾರು ಮಾಡಿಸಿದೆ.
ಹೆಂಡತಿಯ ಎರಡು ರವಿಕೆಗೆ ಲೆಕ್ಕ ಚುಕ್ತಾ.

ಎಡಗಾಲು ಪೋಲಿಯೋದ್ದು. ಕೊರಳಲ್ಲಿ ಸದಾ ಟೇಪು,
ಅರವತ್ತು ಇಂಚು, ಒಂದು ತುದಿಯ ತಗಡು ಕಳಚಿದೆ.
ಇದರಲ್ಲೇ ಊರನ್ನು ಅಳೆದಿದ್ದೇನೆ:
ಪಂಚಾಯತಿನ ಮೆಟ್ಟಿಲು ಒಂಬತ್ತು, ಒಂಬತ್ತು,
ಮೂರನೆಯದ್ದು ಯಾಕೋ ಹತ್ತೂವರೆ;
ಬ್ಯಾಂಕಿನ ಕೌಂಟರು ಕುಳಿತವರ ಹಣೆಗಿಂತ ಮೇಲೆ;
ವಾಚನಾಲಯದ ಬಾಗಿಲು ಇಪ್ಪತ್ತಾರು,
ಅವ್ವಮ್ಮಳ ಗಾಲಿಕುರ್ಚಿ ಇಪ್ಪತ್ತೇಳು.
ಒಂದಿಂಚಿನ ದೆಸೆಯಿಂದ ಹನ್ನೊಂದು ವರ್ಷ
ಜಗಲಿಯಲ್ಲಿ ಕೂತು ಅವಳು ಪೇಪರು ಓದಿದಳು,
ನಿನ್ನೆಯದ್ದು.

ಅರ್ಜಿ ಬರೆದೆ ಕನ್ನಡದಲ್ಲಿ.
ಉತ್ತರ ಬಂತು ಮಲಯಾಳದಲ್ಲಿ.
ಬಸ್‌ಸ್ಟ್ಯಾಂಡಿನ ಬೀಡಾದಂಗಡಿಯ ಕುಂಞಂಬು ಓದಿ ಹೇಳಿದ:
'ಪರಿಗಣಿಸಲಾಗುವುದು ಅಂತ ಉಂಟು.'
ಎರಡು ಭಾಷೆಯಲ್ಲೂ ಆ ಶಬ್ದಕ್ಕೆ ಒಂದೇ ಅರ್ಥ.

ಡಿಸೆಂಬರ್ ಮೂರಕ್ಕೆ ಮಾತ್ರ ತಪ್ಪದೆ ಕರೆಯುತ್ತಾರೆ.
ಅವ್ವಮ್ಮಳನ್ನು ಕುರ್ಚಿ ಸಮೇತ ನಾಲ್ವರು
ವೇದಿಕೆಗೆ ಎತ್ತುತ್ತಾರೆ. ಶಾಲು, ಹಣ್ಣಿನ ಬುಟ್ಟಿ, ಫೋಟೋ,
'ಇವರು ನಮಗೆಲ್ಲ ಸ್ಫೂರ್ತಿ.'
ಇಳಿಸುವ ಹೊತ್ತಿಗೆ ಇಬ್ಬರೇ ಉಳಿದಿರುತ್ತಾರೆ.
ನನ್ನ ಪೆಟ್ಟಿಗೆಯಲ್ಲಿ ಏಳು ಶಾಲುಗಳಾದವು.

ಎಂಟನೆಯ ಸಲ ಕರೆಯಲು ಬಂದ
ಕ್ಲಬ್ಬಿನ ಕಾರ್ಯದರ್ಶಿ ಲ್ಯಾನ್ಸಿಗೆ ಹೇಳಿದೆ:
ಶಾಲು ಬೇಡ ಮಾರಾಯಾ, ವಾಲಿಬಾಲ್ ಕೋರ್ಟು ಕೊಡು,
ಭಾನುವಾರ ಬೆಳಿಗ್ಗೆ ಎರಡು ಗಂಟೆ.
ನೆಟ್ಟು ನಲವತ್ತೈದು ಇಂಚಿಗೆ ಇಳಿಸು.
ನಕ್ಕ. ಆಮೇಲೆ ತಲೆ ಕೆರೆದ. 'ಕಮಿಟಿಯಲ್ಲಿ ಕೇಳ್ತೇನೆ.'
ಟೇಪಿನ ತುದಿ ಅವನ ಪಾದದ ಹತ್ತಿರ ಇಟ್ಟು
ಎದೆಯ ಕೆಳಗೆ ಬೆರಳು ಒತ್ತಿ ತೋರಿಸಿದೆ: ಇಷ್ಟೇ.

ಕಮಿಟಿ ಕೂತಿತು, ಎದ್ದಿತು, ಚಾ ಕುಡಿಯಿತು.
ಆ ಹೊತ್ತಿನಲ್ಲಿ ನಾನು ಶಾಲು ಕತ್ತರಿಸಿದೆ.
ನೆಲದಲ್ಲೇ ತೆವಳಿ ಆಡುವ ಆಟ,
ಮುರಕಲ್ಲಿನ ಹರಳು ತೊಡೆ ಸುಲಿಯುತ್ತದೆ;
ಹಿಂಬದಿಗೆ ಎರಡು ಪದರ ಕೊಟ್ಟು
ಹನ್ನೆರಡು ಚಡ್ಡಿ ಹೊಲಿದೆ.
ಜರಿ ಚುಚ್ಚುತ್ತದೆಂದು ಬಿಚ್ಚಿ ಬದಿಗಿಟ್ಟೆ.
ಅಂತೂ ಸನ್ಮಾನ
ಕೂರುವ ಜಾಗಕ್ಕೆ ಬಂತು.

ಮೊದಲ ಭಾನುವಾರ ಬಂದವರು ಐದೇ ಜನ:
ಲಾರಿಗೆ ಕಾಲು ಕೊಟ್ಟ ಉಮ್ಮರ್,
ಕಲ್ಲುಕೋರೆಯಲ್ಲಿ ಸೊಂಟ ಮುರಿದ ಬಾಬು ಪಾಟಾಳಿ,
ಅವ್ವಮ್ಮ, ನಾನು, ಮತ್ತೆ ಸುಜಲ.
ಅವಳಿಗೆ ಕಿವಿ ಕೇಳಿಸದು, ಕಣ್ಣು ಗಿಡುಗನದು.
ತನಗೇ ಕೇಳದ ಪೀಪಿ ಊದಲು ಅವಳನ್ನೇ ನಿಲ್ಲಿಸಿದೆವು.
ಎದುರುಕಡೆ ಕ್ಲಬ್ಬಿನ ಹುಡುಗರು, ನೆಲದಲ್ಲಿ,
ಅಷ್ಟುದ್ದ ಕಾಲುಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ.

ಚೆಂಡು ಬಂದಾಗಲೆಲ್ಲ ಅವರ ಸ್ಮ್ಯಾಶರ್ ಪ್ರಜ್ವಲ
ಚಂಗನೆ ಏಳುತ್ತಾನೆ. ಪೀಪಿ.
ಮತ್ತೆ ಏಳುತ್ತಾನೆ. ಪೀಪಿ.
ಎದ್ದರೆ ಫೌಲು ಇಲ್ಲಿ.
ನಲವತ್ತನಾಲ್ಕು ವರ್ಷ 'ಏಳು, ಪ್ರಯತ್ನ ಮಾಡು' ಕೇಳಿದ ನನಗೆ
ಆ ಪೀಪಿಯಷ್ಟು ಇಂಪು ಬೇರೆ ಇಲ್ಲ.
ಹದಿನೈದಕ್ಕೆ ಆರರಲ್ಲಿ ಗೆದ್ದೆವು. ಬಾಬು ಅವರನ್ನು ಬೈದ,
'ಪಾಪ ಅಂತ ಬಿಟ್ಟುಕೊಟ್ಟರೆ ನೋಡಿ!'
ಬಿಟ್ಟುಕೊಟ್ಟಿರಲಿಲ್ಲ. ಮೊಣಕೈ ತರಚಿತ್ತು ಅವರದ್ದು.

ಹಾಗೇ ಕೂತಲ್ಲೇ ಮಾತು ಬಂತು,
ಕ್ಲಬ್ಬಿನ ಜೆರ್ಸಿ ಮಂಗಳೂರಿನಿಂದ ಯಾಕೆ?
ನಲವತ್ತೆರಡು, ನಾವೇ ಹೊಲಿಯುತ್ತೇವೆ.
ಸುಜಲ ಕಟ್ಟಿಂಗು, ಉಮ್ಮರ್ ಮೆಷಿನ್ನು, ಅವ್ವಮ್ಮ ಲೆಕ್ಕ.
ಲ್ಯಾನ್ಸಿ ಬೆವರೊರೆಸಿದ: 'ನೀವಾದರೆ ಸ್ವಲ್ಪ ಕಮ್ಮಿಗೆ...'
ಕಮ್ಮಿಗಲ್ಲ.
ರೇಟು ಮಂಗಳೂರಿನದ್ದೇ. ಅರ್ಧ ಅಡ್ವಾನ್ಸು.
ಒಂದು ಕ್ಷಣ ನೋಡಿದ. ಕಣ್ಣಿಗೆ ಕಣ್ಣು ಸಮ ಎತ್ತರ,
ಅವನೂ ನೆಲದಲ್ಲಿದ್ದನಲ್ಲ.
ಜೇಬಿಗೆ ಕೈ ಹಾಕಿದ.

ನೋಟು ಎಣಿಸುತ್ತ ಅವ್ವಮ್ಮ ತಲೆ ಎತ್ತದೆ ಕೇಳಿದಳು:
'ವಾಚನಾಲಯದ ಬಾಗಿಲು?'

ಇನ್ನೂ ಇಪ್ಪತ್ತಾರು.
ನಾಳೆ ಐತ್ತಪ್ಪಣ್ಣನನ್ನು ಕರಕೊಂಡು ಹೋಗಬೇಕು.
ಅವನ ಹೆಂಡತಿಗೆ ರವಿಕೆ ಹೇಗೂ ಬಾಕಿ ಇದೆ.