ಸೊನ್ನೆ ಅಂದರೆ ಕ್ಷೇಮ

ಫ್ಯಾರೋ ದ್ವೀಪದ ವೆಸ್ಟ್‌ಮನ್ನಾ. ಕೊಲ್ಲಿಯ ಕಪ್ಪು ನೀರಿನಲ್ಲಿ
ಹನ್ನೆರಡು ಬಲೆಯುಂಗುರ, ಒಂದೊಂದರಲ್ಲೂ ಅರುವತ್ತು ಸಾವಿರ ಸಾಲ್ಮನ್,
ದಡದ ತಗಡಿನ ಕೋಣೆಯಲ್ಲಿ ಒಬ್ಬಳೇ ಸುನ್ವಾ.
ನೀರಿನೊಳಗೆ ಉಸಿರೆಷ್ಟು ಉಳಿದಿದೆ
ಎಂದು ನೋಡುವುದು ಅವಳ ಕೆಲಸ.
ನಿಜ ಹೇಳಬೇಕೆಂದರೆ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದು ಒಂದು ಪ್ರೋಗ್ರಾಮು.
ಅದು ಸಾಯುತ್ತದೆ. ದಿನಾ ಸಾಯುತ್ತದೆ.
ಎಬ್ಬಿಸಲಿಕ್ಕೆ ಇನ್ನೊಂದು, ಹದಿನೆಂಟೇ ಸಾಲಿನ ಸ್ಕ್ರಿಪ್ಟು,
ಟ್ರಾಲರ್ ಹತ್ತಿ ಹೊರಡುವ ಮುಂಚೆ ಹಾಕುನ್ ಬರೆದಿಟ್ಟದ್ದು.

ಓಡಿಸು. ನಲವತ್ತು ಸೆಕೆಂಡು ಕಾಯಿ.
ಮುಗಿಸಿ ಬಂತೋ, ಕೈಯಲ್ಲಿ ಒಂದು ಸೊನ್ನೆ ಇಡುತ್ತದೆ.
ಸೊನ್ನೆ ಅಂದರೆ ಇಲ್ಲಿ ಕ್ಷೇಮ.
ಲೆಕ್ಕದ ಪರೀಕ್ಷೆಯಲ್ಲಿ ಸೊನ್ನೆ ಸುತ್ತಿಸಿಕೊಂಡವಳಿಗೆ
ಇದು ಒಗ್ಗಲು ವಾರ ಹಿಡಿಯಿತು.

ಸತ್ತರೆ ಸುಲಭ. ಸತ್ತದ್ದು ಅಂಕಿಯೊಂದನ್ನು ಬಿಟ್ಟು ಹೋಗುತ್ತದೆ.
ಒಂದು ಸೆಕೆಂಡು ತಾಳಿ ಎಬ್ಬಿಸು,
ಮತ್ತೆ ಬಿದ್ದರೆ ಎರಡು, ಆಮೇಲೆ ನಾಲ್ಕು, ಎಂಟು,
ಹಟಮಾರಿ ಮಗುವನ್ನು ಅಳಲು ಬಿಟ್ಟು
ಬಾಗಿಲಾಚೆ ನಿಂತವರ ಹಾಗೆ.
ಕಷ್ಟವೆಲ್ಲ ಸಾಯದೆ ಸುಮ್ಮನೆ ಕೂತದ್ದರದು.
ಪಟ್ಟಿಯಲ್ಲಿ ಹೆಸರಿದೆ, ಜಾಗ ಹಿಡಿದಿದೆ, ಮಾತಿಲ್ಲ.
ಗಡುವು ಅದಕ್ಕೇ. ಗಡುವು ಮೀರಿದರೆ ಕೊಲ್ಲು.
ಅಲ್ಲಿ ಮಾತ್ರ ಹಾಕುನ್ ಒಂದು ಟಿಪ್ಪಣಿ ಸೇರಿಸಿದ್ದ:
'ಮೊದಲು ಹೇಳು. ಹತ್ತು ಸೆಕೆಂಡು ಕೊಡು. ಆಮೇಲೆ ಕೊಲ್ಲು.
ಪಾಪ, ಏನೋ ಬರೆಯುತ್ತಿರಬಹುದು.'

ಜನವರಿಯ ಒಂದು ರಾತ್ರಿ
ಕಾಫಿ ಆರಿ, ಹೆಣೆಯುತ್ತಿದ್ದ ಉಣ್ಣೆ ಮುಗಿದು,
ಮಾಡಲು ಏನೂ ಇಲ್ಲದೆ ಹಳೆಯ ದಾಖಲೆ ತೆರೆದು ಎಣಿಸಿದಳು.
ಒಂದು ವರ್ಷ. ನಾಲ್ಕು ಸಾವಿರದ ನೂರ ಹನ್ನೆರಡು ಸಾವು.
ಒಂದಕ್ಕೂ ಯಾರ ನಿದ್ದೆಯೂ ಕೆಟ್ಟಿರಲಿಲ್ಲ,
ಅಷ್ಟು ಅಚ್ಚುಕಟ್ಟಾಗಿ ಎಬ್ಬಿಸುತ್ತಿತ್ತು ಅದು.

ವೇಳೆ ನೋಡಿದಳು.
ದಿನಕ್ಕೆರಡು ಸಲ ಗುಂಪುಗುಂಪಾಗಿ ಸಾವು,
ದಿನದಿಂದ ದಿನಕ್ಕೆ ಐವತ್ತು ನಿಮಿಷ ತಡವಾಗಿ.
ಐವತ್ತು ನಿಮಿಷ!
ಗೋಡೆಯ ಉಬ್ಬರ-ಇಳಿತದ ಪಟ್ಟಿಯ ಮೇಲೆ ಬೆರಳು ತಾನಾಗಿ ಹೋಯಿತು.

ಟಾರ್ಚು ಹಿಡಿದು ಕಟ್ಟೆಯ ತುದಿಗೆ ನಡೆದಳು.
ಮೂರನೇ ಕಂಬದ ಬುಡದಲ್ಲಿ ಕೇಬಲ್ಲಿನ ಒಂದು ಬೆಸುಗೆ,
ಟೇಪು ಬಿಚ್ಚಿ ಚಿಪ್ಪುಹುಳ ಕಟ್ಟಿ,
ನೀರು ಏರಿದಾಗಲೆಲ್ಲ ಮುಳುಗುವಂಥದ್ದು.
ಈಗಲೂ ಮುಳುಗಿತ್ತು.
ಇಳಿತಕ್ಕೆ ಕಾಯಬೇಕು. ಕಾದಳು, ಐದು ಗಂಟೆ.
ಕಡಲಿಗೆ ಯಾರ ಗಡುವೂ ತಾಗುವುದಿಲ್ಲ.

ಬೆಳಿಗ್ಗೆ, ಮರಗಟ್ಟಿದ ಬೆರಳಲ್ಲಿ
ಹಾಕುನ್‌ನ ಸ್ಕ್ರಿಪ್ಟಿಗೆ ಹತ್ತೊಂಬತ್ತನೇ ಸಾಲು ಹಾಕಿದಳು,
ಅದರ ಪಕ್ಕದಲ್ಲಿ ಅವನದೇ ಧಾಟಿಯ ಟಿಪ್ಪಣಿ:
'ಬಿದ್ದರೆ ಎಬ್ಬಿಸು.
ಮೂರನೇ ಸಲ ಬಿದ್ದರೆ
ನನ್ನನ್ನೂ ಎಬ್ಬಿಸು.'